ಮನೆಮಂದಿಗೆಲ್ಲ ಒಂದು ಸೈ-ಫೈ ಸಿನಿಮಾ: ಹೊಗಳಿಕೆ ಬಿಡಿ, ದೂರು ಓದಿ ಆರಿಸಿ

ಮಕ್ಕಳು, ಅಜ್ಜಿ, ತಾತ ಎಲ್ಲ ಒಟ್ಟಿಗೆ ಕೂತು ನೋಡುವಂಥ, ಮನಸ್ಸಿಗೆ ಹಿತವಾಗುವ ಸೈ-ಫೈ ಸಿನಿಮಾ ಹುಡುಕಲು ಹೊರಟರೆ ಕೆಲವು ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. 1982ರ ‘ಇ.ಟಿ.’, 1999ರ ‘ದಿ ಐರನ್ ಜೈಂಟ್’, 2003ರ ‘ಕೋಯಿ ಮಿಲ್ ಗಯಾ’, 2008ರ ‘ವಾಲ್-ಇ’, 2014ರ ‘ಬಿಗ್ ಹೀರೋ 6’, 2024ರ ‘ದಿ ವೈಲ್ಡ್ ರೋಬಾಟ್’. ಆರರಲ್ಲಿ ಯಾವುದು ಅನ್ನುವುದೇ ತಲೆನೋವು.

ಸ್ಟಾರ್ ನೋಡಿ ಆರಿಸೋಣ ಅಂದರೆ ಆಗುವುದಿಲ್ಲ. ನೋಡಿದವರು ಸಿನಿಮಾಗಳಿಗೆ ಹತ್ತಕ್ಕೆ ಅಂಕ ಕೊಡುವ ಐಎಂಡಿಬಿ ತಾಣದಲ್ಲಿ ಹಾಲಿವುಡ್‌ನ ಐದೂ ಎಂಟರ ಆಸುಪಾಸಿನಲ್ಲೇ ಇವೆ. ಹೊಗಳಿಕೆ ಓದಿದರೂ ಅಷ್ಟೇ. ಮದುವೆಮನೆಯಿಂದ ಬಂದವರನ್ನು ಊಟ ಹೇಗಿತ್ತು ಅಂತ ಕೇಳಿದ ಹಾಗೆ. ಎಲ್ಲರೂ ಚೆನ್ನಾಗಿತ್ತು ಅಂತಾರೆ. ಕಣ್ಣು ಒದ್ದೆಯಾಯಿತು, ಮಕ್ಕಳಿಗಿಂತ ನಾನೇ ಜಾಸ್ತಿ ಅತ್ತೆ, ಎಲ್ಲ ವಯಸ್ಸಿನವರಿಗೂ ಸರಿ. ಆರೂ ಸಿನಿಮಾಕ್ಕೆ ಇದೇ ಮಾತು.

ದೂರುಗಳು ಹಾಗಲ್ಲ. ಒಂದು ಸಿನಿಮಾಕ್ಕೆ ಬರುವ ದೂರು ಎಲ್ಲದಕ್ಕೂ ಬರುವುದಿಲ್ಲ. ನಿಧಾನ ಅಂತ ಒಬ್ಬರು ಗೊಣಗಿದ್ದರೆ, ನಿಮ್ಮ ಮನೆಯ ಹಿರಿಯರಿಗೆ ಅದೇ ಬೇಕಾಗಿರಬಹುದು. ಹಾಡು ಜಾಸ್ತಿ ಅಂತ ಬೈದಿದ್ದರೆ, ನಿಮ್ಮ ಮನೆಯ ಐದು ವರ್ಷದ ಪುಟಾಣಿಗೆ ಅದೇ ಹಬ್ಬ. ಅದಕ್ಕೇ ಇಲ್ಲಿ ದೂರುಗಳ ಪ್ರಕಾರ ಹೋಗೋಣ.

ತುಂಬಾ ನಿಧಾನ

ಈ ದೂರು ಮುಖ್ಯವಾಗಿ ಎರಡಕ್ಕೆ ಬರುತ್ತದೆ: ಇ.ಟಿ. ಮತ್ತು ವಾಲ್-ಇ. ಆದರೆ ಎರಡರ ನಿಧಾನವೂ ಬೇರೆ ಬೇರೆ.

ಇ.ಟಿ. ಶುರುವಾಗುವುದು ಕತ್ತಲ ಕಾಡಿನಲ್ಲಿ. ಮಾತಿಲ್ಲ. ಟಾರ್ಚ್ ಬೆಳಕು, ಸೊಂಟದಲ್ಲಿ ಕಿಣಿಕಿಣಿ ಅನ್ನುವ ಬೀಗದ ಕೈ ಗೊಂಚಲು, ಓಡುವ ಕಾಲುಗಳು. ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಕ್ಯಾಮೆರಾವನ್ನು ಮಕ್ಕಳ ಕಣ್ಣಿನ ಎತ್ತರಕ್ಕೇ ಇಟ್ಟಿದ್ದಾರೆ. ತಾಯಿ ಒಬ್ಬಳನ್ನು ಬಿಟ್ಟರೆ ದೊಡ್ಡವರ ಮುಖ ಬಹಳ ಹೊತ್ತು ಸರಿಯಾಗಿ ಕಾಣುವುದೇ ಇಲ್ಲ. ಎಲಿಯಟ್ ಅನ್ನುವ ಹುಡುಗ ಇ.ಟಿ. ಅನ್ನುವ ಅನ್ಯಲೋಕದ ವಿಚಿತ್ರ ಜೀವಿಯನ್ನು ಕೋಣೆಗೆ ಕರೆತರುವುದು, ಬಟ್ಟೆ ಕಪಾಟಿನಲ್ಲಿ ಬಚ್ಚಿಡುವುದು, ಅಣ್ಣನಿಗೆ ಹೇಳುವುದು, ತಂಗಿ ಕಿರುಚುವುದು, ಎಲ್ಲ ಪುರುಸೊತ್ತಾಗಿ ನಡೆಯುತ್ತದೆ. ಪೋಸ್ಟರ್‌ನಲ್ಲಿ ಕಂಡ, ಚಂದ್ರನ ಮುಂದೆ ಸೈಕಲ್ ಹಾರುವ ದೃಶ್ಯಕ್ಕೆ ಕಾದು ಕೂತ ಮಗು ಅರ್ಧ ಸಿನಿಮಾ ದಾಟುವವರೆಗೆ ಕಾಯಬೇಕು. ಚಿಕ್ಕಂದಿನಲ್ಲಿ ಇದನ್ನು ನೋಡಿ ಬೆಳೆದವರು ಇದಕ್ಕಿಂತ ಒಳ್ಳೆಯ ಸಿನಿಮಾ ಇಲ್ಲ ಅಂತಾರೆ. ಅವರ ಮಕ್ಕಳಿಗೆ ಮೊದಲ ಅರ್ಧ ಗಂಟೆಗೇ ಆಕಳಿಕೆ ಬರುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಆದರೆ ಆ ನಿಧಾನವನ್ನು ಕಿತ್ತರೆ ಈ ಸಿನಿಮಾದಲ್ಲಿ ಉಳಿಯುವುದು ಬಹಳ ಕಡಿಮೆ. ಚಿತ್ರೀಕರಣವನ್ನೂ ಬಹುಮಟ್ಟಿಗೆ ಕಥೆಯ ಕ್ರಮದಲ್ಲೇ ಮಾಡಿದ್ದರು, ಕೊನೆಯ ವಿದಾಯದ ಹೊತ್ತಿಗೆ ಮಕ್ಕಳ ಅಳು ನಿಜವಾಗಿ ಬರಲಿ ಅಂತ. ಆರು ವರ್ಷದ ಡ್ರೂ ಬ್ಯಾರಿಮೋರ್ ಅಳುವುದನ್ನು ನೋಡಿದರೆ ಆ ಲೆಕ್ಕ ತಪ್ಪಿಲ್ಲ ಅಂತ ಗೊತ್ತಾಗುತ್ತದೆ. ಏಳೆಂಟು ವರ್ಷ ದಾಟಿದ ಮಕ್ಕಳಿದ್ದರೆ, ಫೋನ್‌ಗಳನ್ನೆಲ್ಲ ಬೇರೆ ಕೋಣೆಯಲ್ಲಿಟ್ಟು ಧೈರ್ಯವಾಗಿ ಹಾಕಿ.

ವಾಲ್-ಇ ನಿಧಾನ ಬೇರೆ ಥರದ್ದು. ಮೊದಲ ಅರ್ಧ ಗಂಟೆಗೂ ಜಾಸ್ತಿ ಹೊತ್ತು ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮನುಷ್ಯರು ಬಿಟ್ಟುಹೋಗಿ 700 ವರ್ಷವಾದ ಭೂಮಿ, ಬೆಟ್ಟದಂಥ ಕಸದ ರಾಶಿ, ಅದನ್ನು ಒತ್ತಿ ಇಟ್ಟಿಗೆ ಮಾಡುವ ಒಂದು ಪುಟ್ಟ ರೋಬಾಟ್, ಜೊತೆಗೊಂದು ಜಿರಳೆ. ನಾಲ್ಕೈದು ವರ್ಷದ ಮಕ್ಕಳು ಇದನ್ನು ಸಲೀಸಾಗಿ ನೋಡುತ್ತಾರೆ. ಅದು ಬೀಳುತ್ತದೆ, ಏಳುತ್ತದೆ, ಬೆಂಕಿ ಆರಿಸುವ ಸಿಲಿಂಡರ್ ಅದನ್ನು ಎಳೆದುಕೊಂಡು ಹೋಗುತ್ತದೆ. ನಗಲು ಅಷ್ಟು ಸಾಕು. ಕಷ್ಟ ಇರುವುದು ಒಂಬತ್ತು-ಹತ್ತರ ಹುಡುಗರಿಗೆ. ಕಥೆ ಯಾವಾಗ ಶುರುವಾಗುತ್ತೆ ಅಂತ ಕೇಳುವವರು ಅವರೇ.

ಇ.ಟಿ.ಯ ಧ್ವನಿಗೂ ವಾಲ್-ಇ ಧ್ವನಿಗೂ ಹಿಂದೆ ಇರುವ ಶಬ್ದ ತಜ್ಞ ಒಬ್ಬರೇ, ಬೆನ್ ಬರ್ಟ್. ನಡುವೆ 26 ವರ್ಷದ ಅಂತರ. ಹೆಚ್ಚು ಮಾತೇ ಆಡದ ಎರಡು ಜೀವಿಗಳಿಗಾಗಿ ಜನ ಅತ್ತಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು.

ಮಗು ಹೆದರಿಕೊಂಡಿತು

ಹಿತವಾದ ಸಿನಿಮಾ ಅಂದಾಕ್ಷಣ ಹೆದರಿಕೆ ಇಲ್ಲ ಅಂದುಕೊಳ್ಳಬೇಡಿ. ಈ ದೂರು ಅತಿ ಹೆಚ್ಚು ಬರುವುದು ಇ.ಟಿ.ಗೇ. ತೊರೆಯ ಪಕ್ಕ ಇ.ಟಿ. ಬಿಳಿಚಿಕೊಂಡು ಬಿದ್ದಿರುವುದು, ಆಮೇಲೆ ಇಡೀ ಮನೆಗೆ ಪ್ಲಾಸ್ಟಿಕ್ ಹೊದಿಸಿ ಬಿಳಿ ಸೂಟಿನ ಜನ ಒಳಗೆ ನುಗ್ಗುವುದು, ಇವು ಎಷ್ಟೋ ಜನರ ಬಾಲ್ಯದ ಕೆಟ್ಟ ಕನಸು. 1982ರಲ್ಲಿ ಸ್ವೀಡನ್‌ನಲ್ಲಿ 11 ವರ್ಷದೊಳಗಿನ ಮಕ್ಕಳಿಗೆ ಈ ಸಿನಿಮಾ ನೋಡಲು ಬಿಟ್ಟಿರಲಿಲ್ಲ. ಇವತ್ತು ಕೇಳಿದರೆ ಅತಿಯಾಯಿತು ಅನಿಸುತ್ತದೆ. ಆದರೂ ಐದು ವರ್ಷದ ಮಗುವನ್ನು ಒಂಟಿಯಾಗಿ ಟಿವಿ ಮುಂದೆ ಕೂರಿಸಿ ಅಡುಗೆಮನೆಗೆ ಹೋಗುವ ಸಿನಿಮಾ ಇದಲ್ಲ.

2002ರಲ್ಲಿ ಇಪ್ಪತ್ತು ವರ್ಷದ ನೆಪದಲ್ಲಿ ಇದನ್ನು ಮತ್ತೆ ಬಿಡುಗಡೆ ಮಾಡಿದಾಗ, ಮಕ್ಕಳನ್ನು ಅಟ್ಟಿಸಿಕೊಂಡು ಬರುವವರ ಕೈಯಲ್ಲಿದ್ದ ಬಂದೂಕು ಅಳಿಸಿ ವಾಕಿಟಾಕಿ ಇಟ್ಟರು. ಹಳೆಯ ಅಭಿಮಾನಿಗಳು ಚೆನ್ನಾಗಿ ಬೈದರು. ಹಾಗೆ ಮಾಡಬಾರದಿತ್ತು ಅಂತ ಮುಂದೆ ಸ್ಪೀಲ್‌ಬರ್ಗೇ ಹೇಳಿದರು. ಈಗ ಸಾಮಾನ್ಯವಾಗಿ ಸಿಗುವುದು ಬಂದೂಕು ಇರುವ ಮೂಲ ಪ್ರತಿಯೇ. ಎರಡೂ ಕಣ್ಣಿಗೆ ಬಿದ್ದರೆ ಮೂಲದ್ದನ್ನೇ ನೋಡಿ.

ಐರನ್ ಜೈಂಟ್‌ನಲ್ಲಿ ಹೆದರಿಕೆ ಕೊನೆಯಲ್ಲಿ ಬರುತ್ತದೆ. ಸೈನ್ಯ, ಟ್ಯಾಂಕ್, ಅಣುಬಾಂಬ್. ಬೇಟೆಗಾರರ ಗುಂಡಿಗೆ ಜಿಂಕೆ ಸಾಯುವ ಒಂದು ದೃಶ್ಯವೂ ಇದೆ. ಚಿಕ್ಕದು, ಆದರೆ ಪ್ರಾಣಿ ಸತ್ತರೆ ತಡೆದುಕೊಳ್ಳದ ಮಕ್ಕಳು ಆಮೇಲೆ ಅದೊಂದನ್ನೇ ಕೇಳುತ್ತಾರೆ. ವೈಲ್ಡ್ ರೋಬಾಟ್‌ನಲ್ಲಿ ಸಾವಿನ ಜೋಕುಗಳು ಬೇಕಾದಷ್ಟು. ಕಾಡು ಅಂದಮೇಲೆ ಒಂದನ್ನೊಂದು ತಿನ್ನುವುದೇ ತಾನೆ? ಕೆಲವು ತಾಯಂದಿರಿಗೆ ಅದು ಇಷ್ಟವಾಗಿಲ್ಲ. ನನಗೆ ಅದೇ ಇಷ್ಟ, ಸುಮ್ನೆ ಸಕ್ಕರೆ ಸವರಿಲ್ಲ. ವಾಲ್-ಇ ಬಗ್ಗೆ ಈ ವಿಷಯದಲ್ಲಿ ಚಿಂತೆಯೇ ಬೇಡ.

ಅಳಿಸಿಬಿಟ್ಟರು

ಇದು ದೂರೋ ಹೊಗಳಿಕೆಯೋ ಹೇಳುವುದು ಕಷ್ಟ. ಅಳು ಬರುವುದು ಆರರಲ್ಲೂ ಇದೆ. ಯಾಕೆ ಬರುತ್ತದೆ ಅನ್ನುವುದನ್ನು ನೋಡಿಕೊಂಡು ಆರಿಸಬೇಕು.

ಇ.ಟಿ.ಯಲ್ಲಿ ಅಗಲಿಕೆಯ ಅಳು. ಅಪ್ಪ ಮನೆ ಬಿಟ್ಟು ಹೋಗಿದ್ದಾನೆ, ತಾಯಿ ಒಬ್ಬಳೇ ಮೂರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಾಳೆ. ಆ ಖಾಲಿ ಜಾಗಕ್ಕೆ ಬಂದವನೂ ಕೊನೆಗೆ ಹೋಗಲೇಬೇಕು. ಅಪ್ಪ-ಅಮ್ಮ ಬೇರೆಯಾದ ಮನೆಯ ಮಕ್ಕಳಿಗೆ ಈ ಸಿನಿಮಾ ಬೇರೆಯದೇ ಆಗಿ ತಟ್ಟುತ್ತದೆ. ಕೆಲವರಿಗೆ ಅದು ಸಮಾಧಾನ, ಕೆಲವರಿಗೆ ಗಾಯದ ಮೇಲೆ ಕೈ ಇಟ್ಟ ಹಾಗೆ.

ಬಿಗ್ ಹೀರೋ 6 ಅಣ್ಣನನ್ನು ಕಳೆದುಕೊಂಡ ಹುಡುಗನ ಕಥೆ. ಸಾವು ಸಿನಿಮಾದ ಮೊದಲ ಭಾಗದಲ್ಲೇ ಬರುತ್ತದೆ. ಅಣ್ಣ ಮಾಡಿಟ್ಟ ಉಬ್ಬುಬ್ಬಿದ ಬಿಳಿ ರೋಬಾಟ್ ಬೇಮ್ಯಾಕ್ಸ್ ಹುಡುಗನ ದುಃಖವನ್ನು ಒಂದು ಕಾಯಿಲೆ ಅಂದುಕೊಂಡು ಮದ್ದು ಹುಡುಕುತ್ತದೆ. ಈಚೆಗೆ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಯೋಚಿಸಿ ಹಾಕಿ.

ವೈಲ್ಡ್ ರೋಬಾಟ್ ತಾಯ್ತನದ ಸಿನಿಮಾ. ಬಿರುಗಾಳಿಗೆ ಸಿಕ್ಕಿ ಮನುಷ್ಯರಿಲ್ಲದ ದ್ವೀಪಕ್ಕೆ ಬಂದು ಬಿದ್ದ ರೋಬಾಟ್ ರಾಝ್, ಗೊತ್ತಿಲ್ಲದೆ ಒಂದು ಹೆಬ್ಬಾತಿನ ಗೂಡಿನ ಮೇಲೆ ಬೀಳುತ್ತದೆ. ಉಳಿಯುವುದು ಒಂದೇ ಮೊಟ್ಟೆ. ಅದರಿಂದ ಹೊರಬಂದ ಬಡಕಲು ಮರಿ ಕಣ್ಣುಬಿಟ್ಟು ಮೊದಲು ಕಂಡದ್ದೇ ಅಮ್ಮ. ಚಳಿಗಾಲದೊಳಗೆ ಅದಕ್ಕೆ ತಿನ್ನಲು, ಈಜಲು, ಹಾರಲು ಕಲಿಸಬೇಕು. ಕಲಿತ ದಿನ ಅದು ಬಿಟ್ಟುಹೋಗುತ್ತದೆ. ಮಕ್ಕಳನ್ನು ಹಾಸ್ಟೆಲ್‌ಗೋ ವಿದೇಶಕ್ಕೋ ಕಳಿಸಿದ ಅಪ್ಪ-ಅಮ್ಮಂದಿರು ಆ ವಲಸೆಯ ದೃಶ್ಯದ ಬಗ್ಗೆ ಬರೆದದ್ದನ್ನು ಓದಿದರೆ, ಮಕ್ಕಳ ಸಿನಿಮಾ ಅನ್ನುವ ಚೀಟಿ ಇದಕ್ಕೆ ಯಾಕೆ ಅಂಟಿಸಿದರೋ ಅನಿಸುತ್ತದೆ. ಮಕ್ಕಳಿಗೆ ನರಿ ಫಿಂಕ್ ಇಷ್ಟವಾಗುತ್ತಾನೆ. ಹಾರುವ ದೃಶ್ಯದಲ್ಲಿ ಅವರು ಚಪ್ಪಾಳೆ ಹೊಡೆಯುತ್ತಾರೆ, ಪಕ್ಕದಲ್ಲಿ ಅಮ್ಮ ಸೆರಗಲ್ಲಿ ಮೂಗು ಒರೆಸಿಕೊಳ್ಳುತ್ತಿರುತ್ತಾಳೆ.

ಐರನ್ ಜೈಂಟ್ ತ್ಯಾಗದ ಕಥೆ. ಆರರಲ್ಲಿ ನನ್ನ ಓಟು ಇದಕ್ಕೇ, ಆದ್ದರಿಂದ ಸ್ವಲ್ಪ ಜಾಸ್ತಿ ಹೇಳುತ್ತೇನೆ. 1957, ಅಮೆರಿಕದ ಮೇಯ್ನ್ ರಾಜ್ಯದ ಒಂದು ಸಣ್ಣ ಊರು. ಸೋವಿಯತ್ ಒಕ್ಕೂಟ ಆಗಷ್ಟೇ ಸ್ಪುಟ್ನಿಕ್ ಉಪಗ್ರಹ ಹಾರಿಸಿದೆ. ಎಲ್ಲರಿಗೂ ಆಕಾಶದ ಭಯ. ಶಾಲೆಯಲ್ಲಿ ಮಕ್ಕಳಿಗೆ ಬಾಂಬ್ ಬಿದ್ದರೆ ಡೆಸ್ಕ್ ಕೆಳಗೆ ಅವಿತುಕೊಳ್ಳಿ ಅಂತ ಹೇಳಿಕೊಡುವ ಕಾಲ. ಅಂಥ ಊರಿಗೆ ಕಬ್ಬಿಣ ತಿನ್ನುವ ಒಬ್ಬ ಭಾರೀ ರೋಬಾಟ್ ಬಂದು ಬೀಳುತ್ತಾನೆ. ಹೋಗಾರ್ತ್ ಅನ್ನುವ ಹುಡುಗ ಅವನನ್ನು ಗುಜರಿ ಅಂಗಡಿಯಲ್ಲಿ ಬಚ್ಚಿಡುತ್ತಾನೆ. ಬಂದವನು ಮಗುವಿನಂತೆ ಇದ್ದಾನೆ. ಆದರೆ ಅವನ ಮೈಯೊಳಗೆ ಆಯುಧಗಳಿವೆ, ಅದು ಅವನಿಗೇ ಗೊತ್ತಿಲ್ಲ.

ನಿರ್ದೇಶಕ ಬ್ರಾಡ್ ಬರ್ಡ್ ಅವರ ಅಕ್ಕ ಸೂಸನ್ ಬಂದೂಕಿಗೆ ಬಲಿಯಾದವರು. ಒಂದು ಬಂದೂಕಿಗೆ ಆತ್ಮ ಇದ್ದು, ತಾನು ಬಂದೂಕು ಆಗಿರುವುದು ಬೇಡ ಅಂತ ಅದಕ್ಕೆ ಅನಿಸಿದರೆ ಏನಾಗುತ್ತದೆ ಅನ್ನುವ ಪ್ರಶ್ನೆಯಿಂದ ಅವರು ಈ ಸಿನಿಮಾ ಕಟ್ಟಿದರು. ಇದು ಗೊತ್ತಿಲ್ಲದೆ ನೋಡಿದರೂ ಗಂಟಲು ಕಟ್ಟುತ್ತದೆ. ಗೊತ್ತಿದ್ದು ನೋಡಿದರೆ ಹುಡುಗ ಆ ರೋಬಾಟ್‌ಗೆ ಹೇಳುವ ಪ್ರತಿ ಮಾತಿನ ತೂಕವೂ ಬದಲಾಗುತ್ತದೆ. ಕೊನೆ ಹೇಳುವುದಿಲ್ಲ. ಅಳದ ಗಂಡಸರೂ ಇದನ್ನು ನೋಡಿ ಅತ್ತಿದ್ದೇವೆ ಅಂತ ಮುಜುಗರದಿಂದ ಒಪ್ಪಿಕೊಳ್ಳುತ್ತಾರೆ, ಅಷ್ಟು ಸಾಕು ಅಲ್ವಾ?

ತಮಾಷೆ ಏನೆಂದರೆ ಥಿಯೇಟರಿನಲ್ಲಿ ಇದು ನೆಲಕಚ್ಚಿತು. ಹಾಕಿದ ದುಡ್ಡೂ ಅಲ್ಲಿ ಹುಟ್ಟಲಿಲ್ಲ. ನೋಡಿದವರು ಮೆಚ್ಚಿದ್ದರು, ಆದರೆ ನೋಡಲು ಹೋದವರೇ ಕಡಿಮೆ. ಆಮೇಲೆ ವಿಡಿಯೋ, ಟಿವಿ ಮೂಲಕ ಮನೆಮನೆಗೆ ತಲುಪಿತು. ಇದರ ಅವಧಿ ಒಂದೂವರೆ ಗಂಟೆಗೂ ಕಡಿಮೆ. ರಾತ್ರಿ ಊಟದ ಮೊದಲು ಶುರುಮಾಡಿ ಮುಗಿಸಬಹುದು.

ಎರಡನೇ ಅರ್ಧ ಕೆಡಿಸಿದರು

ವಾಲ್-ಇ, ಬಿಗ್ ಹೀರೋ 6, ವೈಲ್ಡ್ ರೋಬಾಟ್, ಮೂರಕ್ಕೂ ಈ ದೂರಿದೆ, ಮೂರಕ್ಕೂ ಸ್ವಲ್ಪ ಸರಿಯೇ.

ಬಿಗ್ ಹೀರೋ 6 ಶುರುವಿನಲ್ಲಿ ಒಬ್ಬ ಹುಡುಗ, ಒಂದು ರೋಬಾಟ್, ಒಂದು ದುಃಖ. ಅರ್ಧದ ಮೇಲೆ ಬಣ್ಣಬಣ್ಣದ ಸೂಟು ಹಾಕಿದ ಸೂಪರ್‌ಹೀರೋ ತಂಡ. ವಿಲನ್ ಯಾರು ಅಂತ ಹತ್ತು ವರ್ಷದವರು ಮೊದಲೇ ಊಹಿಸುತ್ತಾರೆ. ಹಾಗಂತ ಮಕ್ಕಳಿಗೆ ಬೇಸರವಾಗುವುದಿಲ್ಲ. ಬ್ಯಾಟರಿ ಕಡಿಮೆಯಾಗಿ ಬೇಮ್ಯಾಕ್ಸ್ ಕುಡಿದವನಂತೆ ತೂರಾಡುವ ದೃಶ್ಯವನ್ನು ರಿವೈಂಡ್ ಮಾಡಿಸಿಕೊಂಡು ನೋಡುತ್ತಾರೆ.

ವೈಲ್ಡ್ ರೋಬಾಟ್‌ನಲ್ಲಿ ಮರಿ ಹಾರಿಹೋದ ಮೇಲೆ ಸಿನಿಮಾ ಮುಗಿಯಬೇಕಿತ್ತು ಅನ್ನುವವರಿದ್ದಾರೆ. ಕಂಪನಿ ತನ್ನ ರೋಬಾಟ್ ಹುಡುಕಿಕೊಂಡು ಬರುವುದು, ಹೊಡೆದಾಟ, ಬೆಂಕಿ, ಎಲ್ಲ ಆಮೇಲೆ ತುರುಕಿದ ಹಾಗೆ ಕಾಣುತ್ತದೆ. ನಾನೂ ಒಪ್ಪುತ್ತೇನೆ. ಆದರೆ ಮನೆಯಲ್ಲಿ ಗಲಾಟೆ ಬೇಕು ಅನ್ನುವ ಹುಡುಗರಿದ್ದರೆ ಅವರು ಕಾದಿರುವುದು ಇದಕ್ಕೇ.

ವಾಲ್-ಇ ಬಗ್ಗೆ ಜಗಳ ಸ್ವಲ್ಪ ಗಂಭೀರ. ಎರಡನೇ ಅರ್ಧದಲ್ಲಿ ಮನುಷ್ಯರು ಒಂದು ದೊಡ್ಡ ಗಗನನೌಕೆಯಲ್ಲಿದ್ದಾರೆ. ತೇಲುವ ಕುರ್ಚಿ, ಮುಖದ ಮುಂದೆ ಪರದೆ, ಕೈಯಲ್ಲಿ ಕಪ್ಪು. ನಡೆಯುವುದೇ ಮರೆತು ಹೋಗಿದೆ. ದಪ್ಪಗಿರುವವರನ್ನು ಗೇಲಿ ಮಾಡಿದ್ದಾರೆ ಅಂತ ಕೆಲವರಿಗೆ ಬೇಸರ. ಉಪದೇಶ ಜಾಸ್ತಿ ಅಂತ ಇನ್ನು ಕೆಲವರಿಗೆ. ಸ್ಮಾರ್ಟ್‌ಫೋನ್ ಮನೆಮನೆಗೆ ಬರುವ ಮೊದಲೇ ತೆಗೆದ ಸಿನಿಮಾ ಇದು ಅನ್ನುವುದು ನೆನಪಾದರೆ ಮಾತ್ರ ನೋಡುವವರಿಗೆ ಸ್ವಲ್ಪ ಕಸಿವಿಸಿಯಾಗುತ್ತದೆ.

ಅದರ ಕಾಪಿ ಇದು

ಈ ಮಾತು ಬಂದರೆ ‘ಕೋಯಿ ಮಿಲ್ ಗಯಾ’ ಅಂತಲೇ ಅರ್ಥ. ಬೆಟ್ಟದೂರು, ದಾರಿತಪ್ಪಿ ಉಳಿದುಹೋದ ಅನ್ಯಲೋಕದ ಜೀವಿ, ಬಚ್ಚಿಡುವ ಮಕ್ಕಳು, ಹಿಂದೆ ಬೀಳುವ ಪೊಲೀಸರು. ಇ.ಟಿ. ನೋಡಿದವರಿಗೆ ಹೊಸದೇನಿಲ್ಲ. ಈ ಎಳೆ ಮಾತ್ರ ಅಷ್ಟು ಸರಳವಲ್ಲ. 1967ರಲ್ಲಿ ಸತ್ಯಜಿತ್ ರಾಯ್ ‘ದಿ ಏಲಿಯನ್’ ಅಂತ ಒಂದು ಚಿತ್ರಕಥೆ ಬರೆದಿದ್ದರು. ಬಂಗಾಳದ ಹಳ್ಳಿಯ ಕೊಳಕ್ಕೆ ಗಗನನೌಕೆ ಬೀಳುತ್ತದೆ, ಒಬ್ಬ ಬಡ ಹುಡುಗನಿಗೆ ಅದರಲ್ಲಿ ಬಂದ ಜೀವಿಯ ಗೆಳೆತನವಾಗುತ್ತದೆ. ಹಾಲಿವುಡ್‌ನ ಕೊಲಂಬಿಯಾ ಸಂಸ್ಥೆಯ ಜೊತೆ ಮಾತುಕತೆ ನಡೆದರೂ ಸಿನಿಮಾ ಆಗಲಿಲ್ಲ. ಆ ಚಿತ್ರಕಥೆಯ ಪ್ರತಿಗಳು ಅಮೆರಿಕದಲ್ಲಿ ಓಡಾಡದೆ ಇದ್ದಿದ್ದರೆ ಇ.ಟಿ. ಆಗುತ್ತಿರಲಿಲ್ಲ ಅನ್ನುವ ಅರ್ಥದ ಮಾತನ್ನು ರಾಯ್ ಆಡಿದ್ದರು. ಸ್ಪೀಲ್‌ಬರ್ಗ್ ಅದನ್ನು ಒಪ್ಪಲಿಲ್ಲ.

ಕಾಪಿ ಮಾತು ಬಿಟ್ಟು ನೋಡಿದರೆ, ರಾಕೇಶ್ ರೋಷನ್ ಸಿನಿಮಾಕ್ಕೆ ಮಕ್ಕಳ ಮನಸ್ಸು ಗೊತ್ತು. ಬಿಸಿಲಿನಿಂದ ಶಕ್ತಿ ಪಡೆಯುವ, ಜಾದೂ ಅನ್ನುವ ಹೆಸರಿನ ಆ ಜೀವಿ, ನಾಯಕ ಹೃತಿಕ್ ಜೊತೆಗಿನ ಪುಟ್ಟ ಮಕ್ಕಳ ಗುಂಪು, ಬ್ಯಾಸ್ಕೆಟ್‌ಬಾಲ್ ಪಂದ್ಯ, ಇವು ಇವತ್ತಿಗೂ ಓಡುತ್ತವೆ. ತಾಯಿಯಾಗಿ ರೇಖಾ ಇದ್ದಾರೆ. ಫರಾ ಖಾನ್ ಅವರಿಗೆ ನೃತ್ಯ ಸಂಯೋಜನೆಗೆ ರಾಷ್ಟ್ರ ಪ್ರಶಸ್ತಿ ತಂದುಕೊಟ್ಟ ಸಿನಿಮಾ ಇದು. ಉದ್ದ ಮಾತ್ರ ಮೂರು ಗಂಟೆಯ ಹತ್ತಿರ. ಮಧ್ಯೆ ಒಂದು ಕಾಫಿ ಬಿಡುವು ಬೇಕೇ ಬೇಕು.

ನನ್ನ ತಕರಾರು ಬೇರೆ ಕಡೆ ಇದೆ. ನಾಯಕ ರೋಹಿತ್ ಬುದ್ಧಿ ಬೆಳವಣಿಗೆ ಕುಂಠಿತವಾದವನು. ಅವನನ್ನು ಕಾಡುವ, ಬೀಳಿಸುವ, ನಗುವ ದೃಶ್ಯಗಳು ಸಾಲುಸಾಲಾಗಿ ಬರುತ್ತವೆ. ಜಾದೂ ಬಂದು ಅವನನ್ನು ಬುದ್ಧಿವಂತ, ಬಲಶಾಲಿ ಮಾಡಿದ ಮೇಲೆಯೇ ಅವನಿಗೆ ಗೆಲುವು. ಅಂಥ ಮಕ್ಕಳಿರುವ ಮನೆಯವರಿಗೆ ಇದು ಚುಚ್ಚುತ್ತದೆ. ಹಾಡು, ನಗು, ಜಾದೂ ಸಾಕು ಅನ್ನುವ ಮನೆಗೆ ತೊಂದರೆಯಿಲ್ಲ.

ಕನ್ನಡದಲ್ಲಿ ಇದೆಯಾ?

ನಮ್ಮ ಮನೆಗಳಲ್ಲಿ ನಿಜವಾದ ಪ್ರಶ್ನೆ ಇದು. ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ಅಘೋಷಿತ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟ ಮೇಲೆ ಬಾಗಿಲು ನಿಧಾನವಾಗಿ ತೆರೆಯಿತು. ಮೇಲಿನ ಆರರಲ್ಲಿ ಐದು ಅದಕ್ಕೂ ಹಿಂದಿನವು. ಹಾಗಾಗಿ ಒಟಿಟಿಯಲ್ಲಿ ಒತ್ತುವ ಮೊದಲು ಆಡಿಯೋ ಪಟ್ಟಿ ತೆರೆದು ನೋಡಿ, ನಿರೀಕ್ಷೆ ಕಡಿಮೆ ಇಟ್ಟುಕೊಳ್ಳಿ.

ಸಬ್‌ಟೈಟಲ್ ಹಾಕಿದರಾಯಿತು ಅಂತ ಸಲಹೆ ಕೊಡುವವರ ಮನೆಯಲ್ಲಿ ಆರು ವರ್ಷದ ಮಕ್ಕಳೂ ಇಲ್ಲ, ಕನ್ನಡಕ ಮರೆತ ಅಜ್ಜಿಯೂ ಇಲ್ಲ. ಇಂಗ್ಲಿಷ್ ಬಾರದವರು ಇದ್ದರೆ ಮೊದಲ ಆಯ್ಕೆ ವಾಲ್-ಇ, ಎರಡನೇ ಮಾತಿಲ್ಲ. ಎರಡನೇ ಅರ್ಧದಲ್ಲಿ ಮಾತು ಬಂದರೂ ಕಣ್ಣಿಗೆ ಕಾಣುವುದರಲ್ಲೇ ಕಥೆ ತಿಳಿಯುತ್ತದೆ. ವೈಲ್ಡ್ ರೋಬಾಟ್‌ನಲ್ಲಿ ಮಾತು ಜಾಸ್ತಿ, ಆದರೆ ತಾಯಿ-ಮರಿ ಕಥೆಗೆ ಭಾಷೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಇ.ಟಿ.ಯಲ್ಲಿ ಅಲ್ಲಲ್ಲಿ ಒಂದು ಮಾತು ಹೇಳಿಕೊಟ್ಟರೆ ಸಾಕು. ಐರನ್ ಜೈಂಟ್‌ಗೆ ಮಾತ್ರ ಮುಂಚೆ ಐದು ನಿಮಿಷ ಕೊಡಿ. ಅಮೆರಿಕ, ರಷ್ಯಾ ಜಗಳ ಏನು, ಸೂಪರ್‌ಮ್ಯಾನ್ ಯಾರು, ಇವೆರಡು ಗೊತ್ತಿರದ ಮಗುವಿಗೆ ಕೊನೆಯ ದೃಶ್ಯ ಅರ್ಧವೇ ದಕ್ಕುತ್ತದೆ. ಹಿಂದಿ ಓಡುವ ಮನೆಗಳಲ್ಲಿ ಕೋಯಿ ಮಿಲ್ ಗಯಾಕ್ಕೆ ಇದೊಂದು ದೊಡ್ಡ ಅನುಕೂಲ. ಅಜ್ಜ-ಅಜ್ಜಿ ಯಾರನ್ನೂ ಕೇಳದೆ ನೋಡುತ್ತಾರೆ.

ಹಾಗಾದರೆ ಯಾವ ಮನೆಗೆ ಯಾವುದು?

ಐದು ವರ್ಷದ ಒಳಗಿನವರಿದ್ದರೆ ವಾಲ್-ಇ. ಆರರಿಂದ ಒಂಬತ್ತರವರು, ಜೊತೆಗೆ ಅಳಲು ತಯಾರಿರುವ ಅಮ್ಮ ಇದ್ದರೆ ವೈಲ್ಡ್ ರೋಬಾಟ್. ಹತ್ತು ದಾಟಿದ, ಕಾರ್ಟೂನ್ ನಮಗಲ್ಲ ಅನ್ನುವ ಹುಡುಗರಿಗೆ ಐರನ್ ಜೈಂಟ್ ಹಾಕಿ, ಅವರ ಬಾಯಿ ತಾನಾಗಿ ಮುಚ್ಚುತ್ತದೆ. ಅದಕ್ಕೂ ಒಪ್ಪದಿದ್ದರೆ ಬಿಗ್ ಹೀರೋ 6. ಊರಿಂದ ನೆಂಟರೆಲ್ಲ ಬಂದಿದ್ದಾರೆ, ಹಿಂದಿ ಬರುತ್ತದೆ, ಅರ್ಧ ಜನ ಮಾತಾಡುತ್ತಲೇ ನೋಡುತ್ತಾರೆ ಅನ್ನುವ ಸಂದರ್ಭಕ್ಕೆ ಕೋಯಿ ಮಿಲ್ ಗಯಾ. ಇ.ಟಿ.ಯನ್ನು ಗಲಾಟೆಯ ದಿನ ಹಾಕಬೇಡಿ. ನಾಲ್ಕೇ ಜನ ಇರುವ, ಮಳೆ ಹಿಡಿದ ಸಂಜೆಗೆ ಅದನ್ನು ಉಳಿಸಿಕೊಳ್ಳಿ.

ಇನ್ನೊಂದು ಮಾತು. ವಾಲ್-ಇ ನೋಡುವವರು ಕೊನೆಯಲ್ಲಿ ಹೆಸರುಗಳು ಬರುತ್ತಿದ್ದಂತೆ ಟಿವಿ ಆರಿಸಬೇಡಿ. ಭೂಮಿಗೆ ಮರಳಿದ ಆ ಜನ ಬದುಕಿದರೋ ಇಲ್ಲವೋ ಅನ್ನುವುದು ನೋಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ. ಉತ್ತರ ಆ ಹೆಸರುಗಳ ಜೊತೆಗೇ ಇದೆ. ಗುಹೆಯ ಚಿತ್ರಗಳಿಂದ ಶುರುವಾಗಿ ಬೇರೆ ಬೇರೆ ಕಾಲದ ಚಿತ್ರಕಲೆಯ ಶೈಲಿಯಲ್ಲಿ ಅವರು ಬಾವಿ ತೋಡುವುದು, ಬೆಳೆ ಬೆಳೆಯುವುದನ್ನು ತೋರಿಸುತ್ತಾರೆ. ಬಿಗ್ ಹೀರೋ 6ರಲ್ಲೂ ಎಲ್ಲ ಹೆಸರು ಮುಗಿದ ಮೇಲೆ ಒಂದು ಸಣ್ಣ ತಮಾಷೆ ಇಟ್ಟಿದ್ದಾರೆ, ರಿಮೋಟ್ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.